ಐಸಿನ ಲೆಕ್ಕ

ಮಕಾಸ್ಸರಿನ ಗ್ಯಾರೇಜು ಮಾರಿ ಬಂದ ದುಡ್ಡು
ಮೂರು ಪಾಲಾಯಿತು:
ಒಂದು ಯಂತ್ರಕ್ಕೆ, ಒಂದು ಡೀಸೆಲ್ಲಿಗೆ,
ಇನ್ನೊಂದು, ದಾರಿಯುದ್ದಕ್ಕೂ ರಸೀದಿ ಕೊಡದೆ ಕೈಚಾಚಿದವರಿಗೆ.

ಹದಿನೈದು ದಿನಕ್ಕೊಂದು ಹಡಗು, ಅದೂ ಗಾಳಿ ಒಪ್ಪಿದರೆ.
ಜೆಟ್ಟಿಯಿಲ್ಲದ ದ್ವೀಪ. ಮೂರು ದೋಣಿ ಜೋಡಿಸಿ, ಬಿದಿರು ಹಾಸಿ
ಯಂತ್ರ ಇಳಿಸಿದರು:
ನಾಲ್ಕು ಜನ ಹಿಡಿದರು, ನಲವತ್ತು ಜನ ಹೇಳಿಕೊಟ್ಟರು.

‘ಇದೇನು ಮಾಡುತ್ತೆ, ದಾಯೆಂಗ್?’
ಕೇಳಿದ ಬೊನಿಫಾಸ್, ಊರ ಹಿರಿಯ.
ನೀರನ್ನು ಕಲ್ಲು ಮಾಡುತ್ತೆ, ಅಂದೆ.
‘ಕಲ್ಲು ನಮ್ಮಲ್ಲಿ ಬೇಕಾದಷ್ಟಿದೆ.
ಕಡಿಮೆಯಿರುವುದು ನೀರು.’

ನಕ್ಕುಬಿಟ್ಟೆ. ನಗಬಾರದಿತ್ತು.
ಸೆಪ್ಟೆಂಬರಿಗೆ ಬಾವಿ ಉಪ್ಪಾಯಿತು.

ನೆಲದ ಮಾತು ಬೇರೆ. ಹತ್ತು ವರ್ಷಕ್ಕೆ ನನಗೆ ಬರೆದುಕೊಟ್ಟರು,
ಹದಿನಾರು ಸಹಿ, ಎಂಟು ಹೆಬ್ಬೆಟ್ಟು.
ಅದರ ಮೇಲಿನ ತೆಂಗು ಮಾತ್ರ ಯೋಸೆಫಾಳದು,
ಅವಳಜ್ಜ ನೆಟ್ಟದ್ದು.
ಕಾಯಿ ಬಿದ್ದರೆ ನನ್ನ ತಗಡಿನ ಸೂರಿನ ಮೇಲೆ.
ಸೂರು ನನ್ನದು, ಕಾಯಿ ಅವಳದು,
ನಡುರಾತ್ರಿಯ ಆ ಸದ್ದು ಇಬ್ಬರದೂ.

ಯಂತ್ರ ಓಡಿದ ನಾಲ್ಕನೇ ಬೆಳಗ್ಗೆ
ಎಳೆಗರಿ ಹೆಣೆದು ಕೋಲಿಗೆ ಕಟ್ಟಿ
ದಂಡೆಯಲ್ಲಿ ನೆಟ್ಟರು. ಅಂದರೆ
ಕಡಲು ಮುಚ್ಚಿದೆ.
ಬಾಗಿಲಿಲ್ಲ, ಬೀಗವಿಲ್ಲ, ಪೊಲೀಸಿಲ್ಲ,
ಗಾಳಿಗೆ ಅಲ್ಲಾಡುವ ಒಂದು ಗರಿ.
ಮೀನು ಮರಿಯಿಟ್ಟು ಕೊಬ್ಬುವ ತನಕ ಬಲೆ ಇಳಿಯುವಂತಿಲ್ಲ.
ಎಷ್ಟು ದಿನ? ಅಂದೆ.
‘ತೆರೆಯುವ ತನಕ.’

ಗುಡ್ಡ ಹತ್ತಿದರೆ ಫೋನಿಗೆ ಎರಡು ಕಡ್ಡಿ ಸಿಗ್ನಲ್ಲು.
ಭಾವ ಕೂಗಿದ: ‘ಇದ್ದ ದುಡ್ಡೆಲ್ಲ ನೀರಿಗೆ ಹಾಕಿದೆಯಲ್ಲೋ!’
ಹೌದು ಭಾವ, ಇಪ್ಪತ್ತೈದು ಕಿಲೋದ ಅಚ್ಚುಗಳಲ್ಲಿ.

ಆಮೇಲೆ ಯೋಸೆಫಾಳ ಗಂಡ ಮೆಲ್ಕಿಯೋರ್
ಮಧ್ಯಾಹ್ನ ದೋಣಿಗೆ ಅಂಟು ಬಳಿಯುತ್ತ ಕೂತವನು
ಕೂತಂತೆಯೇ ಹೋದ.
ಮಗಳು ಅಂಬೋನಿನಲ್ಲಿ ನರ್ಸು.
ಹಡಗು ಮೂರು ದಿನ ದೂರ.

ಯೋಸೆಫಾ ಬಂದಳು, ಕೈಯಲ್ಲಿ ಇನ್ನೂ ಅವನ ಕುಂಚ.
‘ಯಂತ್ರ ಓಡುತ್ತಾ?’
ಅಷ್ಟೇ ಕೇಳಿದ್ದು.

ಓಡಲು ನೀರೆಲ್ಲಿ?
ಕತ್ತಲಾಗುವ ಮುಂಚೆ ಒಂದೊಂದೇ ಮನೆಯಿಂದ
ಬಕೆಟ್ಟು, ಬೋಗುಣಿ, ಬಣ್ಣದ ಡಬ್ಬಿ, ಮಗುವಿನ ಸ್ನಾನದ ತೊಟ್ಟಿ.
ಹೋದ ಮಳೆಗಾಲದ ನೀರು, ಬೀಗ ಹಾಕಿಟ್ಟ ಪೀಪಾಯಿಗಳದ್ದು.
ಒಬ್ಬ ಹುಡುಗ ಕುಡಿಯುವ ಲೋಟವನ್ನೇ ತಂದಿದ್ದ,
ಅರ್ಧ ತುಂಬಿದ್ದು. ಅದನ್ನೂ ಸುರಿದೆ.

ಮೂರು ರಾತ್ರಿ ಯಂತ್ರ ನಿಲ್ಲಲಿಲ್ಲ.
ಅಲ್ಲಿ ಪ್ರಾರ್ಥನೆ ಹಾಡುತ್ತಿದ್ದರು, ಇಲ್ಲಿ ಪಿಸ್ಟನ್ನು ತಾಳ ತಪ್ಪುತ್ತಿತ್ತು.
ಗೋಣಿಯಲ್ಲಿ ಸುತ್ತಿದ ಗಡ್ಡೆ ಹೆಗಲಿಂದ ಹೆಗಲಿಗೆ,
ದಾರಿಯುದ್ದ ಒದ್ದೆ ಗೆರೆ,
ಅದನ್ನು ನೆಕ್ಕುತ್ತ ಹಿಂದೆ ಹಿಂದೆಯೇ ನಾಯಿಗಳು.

ಮಗಳು ಬಂದಳು. ಹಣೆ ಮುಟ್ಟಿ ಕೈ ಹಿಂತೆಗೆದಳು.
‘ಅಪ್ಪನಿಗೆ ಚಳಿಯೆಂದರೇನೆಂದೇ ಗೊತ್ತಿರಲಿಲ್ಲ’
ಅಂದಳು, ನನ್ನ ಕಡೆ ನೋಡದೆ.

ಮಣ್ಣಾದ ಮೇಲೆ ಬೊನಿಫಾಸ್ ಬಂದು ಕೂತ.
‘ಪುಸ್ತಕ ತೆಗಿ. ಬರಿ.’
ಇದನ್ನೆಲ್ಲ ಬರೆಯುತ್ತಾರೇನು, ಅಂದೆ,
ದೊಡ್ಡಮನುಷ್ಯನ ಹಾಗೆ.
ಅವನಿಗೆ ಸಿಟ್ಟು ಬಂತು. ಆ ದ್ವೀಪದಲ್ಲಿ ನಾನು ಕಂಡ ಮೊದಲ ಸಿಟ್ಟು:
‘ಬರೆಯದಿದ್ದರೆ ತೀರಿಸುವುದು ಹೇಗೆ?
ತೀರಿಸಲಾಗದ ಸಾಲ ಹೊರಿಸಿ
ನಮ್ಮ ನಡುವೆ ಹೇಗೆ ಬದುಕುತ್ತೀ?’

ಬರೆದೆ. ಯೋಸೆಫಾ, ನಲವತ್ತೊಂದು ಗಡ್ಡೆ.
ನೀರಿನ ಬಾಬ್ತು ಕಳೆದು. ಡೀಸೆಲ್ ಬೇರೆ.
ಅವಳು ಬಾಗಿಲಲ್ಲೇ ನಿಂತು ಓದಿಸಿಕೊಂಡು
ತಲೆಯಾಡಿಸಿದಳು:
‘ಇವತ್ತಿಂದ ನಿನ್ನ ಸೂರಿನ ಮೇಲೆ ಬಿದ್ದ ಕಾಯಿ ನಿನ್ನದು.
ನೆಲಕ್ಕೆ ಉರುಳಿದ್ದು ನನ್ನದು. ಸರಿಯಾಗಿ ಎಣಿಸು.’

ಗರಿ ಇನ್ನೂ ದಂಡೆಯಲ್ಲೇ ಇದೆ, ಒಣಗಿ ಕಂದಾಗಿದೆ.
ಡೀಸೆಲ್ ಮುಗಿದಿದೆ. ದೀಪ ಆರಿಸಿ ಮಲಗಿದ್ದೇನೆ,
ಕಿವಿಯೊಂದನ್ನು ಬಿಟ್ಟು.

ಧಡ್.
ಒಂದು, ಅಂದೆ.
ಅದು ತಗಡಿನ ಮೇಲೆ ಉರುಳತೊಡಗಿತು.