ಎಡಗಡೆಯ ತುದಿ

ಡಂಡಿಯ ಕೋರ್ಟಿನಲ್ಲಿ, ಎರಡನೇ ಮಹಡಿ,
ವಕೀಲರು 'ಡಿಸ್‌ಕ್ಲೋಷರ್' ಎಂದು ನನ್ನ ಕಡೆ ತಿರುಗಿದರು.
ನಾನು ದುಭಾಷಿ. ಗಂಟೆಗಿಷ್ಟು ಪೌಂಡು, ಬಸ್ ಚಾರ್ಜು ಬೇರೆ.
ಪಕ್ಕದಲ್ಲಿ ಚಿಂತಾಮಣಿ ಕಡೆಯ ಹುಡುಗ ಮುನಿನಂಜ;
ಹೋಟೆಲಿನ ಅಡುಗೆಮನೆಯಲ್ಲಿ ಜಗಳ,
ಒಡೆದದ್ದು ಒಂದು ತಟ್ಟೆ, ಒಂದು ಹಣೆ.
'ಪೊಲೀಸರ ಹತ್ತಿರ ಏನೇನಿದೆಯೋ
ಎಲ್ಲ ನಿನಗೆ ತೋರಿಸಲೇಬೇಕಂತೆ' ಎಂದೆ.
'ನಾನೂ ತೋರಿಸಬೇಕಾ ಅಕ್ಕಾ?'
ಇಲ್ಲಪ್ಪ, ನೀನು ಸುಮ್ಮನಿರಬಹುದು.
ಈ ಕಟ್ಟಡದಲ್ಲಿ ಆ ಪದ
ಒಂದೇ ಕಡೆಗೆ ಓಡಾಡುವ ರಸ್ತೆ.

ಮುಂದಿನ ವಾರ ಅದು ಟಪಾಲಿನಲ್ಲಿ ಬರುವ ಕಾಗದ.
ಮುದುಕರಿಗೆ ಸ್ನಾನ ಮಾಡಿಸುವ ಕೆಲಸಕ್ಕೆ
ಇಳಕಲ್ಲಿನ ಶಂಕ್ರವ್ವ ಕಾದದ್ದು ಐದು ವಾರ.
ಬಂತು. ಖಾಲಿ. ಖಾಲಿ ಇದ್ದರೇ ಒಳ್ಳೆಯದು ಎಂದು ವಿವರಿಸಿದೆ.
ತಿರುವಿ ತಿರುವಿ ನೋಡಿದಳು:
'ಐವತ್ತು ವರ್ಷ ಬಾಳೇವು ಮಾಡೀನಿ,
ನಾ ಮಾಡಿದ್ದು ಒಂದೂ ಬರದಿಲ್ಲಲ್ರೀ!'

ಒಂಬತ್ತು ಬಾವಿ ಎಂಬ ಹೆಸರಿನ ಆಸ್ಪತ್ರೆ.
ಅಲ್ಲಿ ಡಾಕ್ಟರು ಮೆಲ್ಲಗೆ, ಕುರ್ಚಿ ಮುಂದೆಳೆದು:
ಹೆಂಡತಿಗೆ ಗೊತ್ತಾಗಬೇಕು, ನಿಮ್ಮಿಂದಲೇ.
ಬಹಿರಂಗ ಎನ್ನಲೇ? ಅದು ಸಭೆ, ಮೈಕು.
ಬಾಯಿಬಿಡು ಎಂದರೆ ಲಾಠಿಯ ಸದ್ದು.
ಬಯಲು, ಅಲ್ಲಿ ಬಟ್ಟೆಯಿಲ್ಲ.
'ಹೇಳಿಕೊಳ್ಳಿ' ಎಂದೆ.
ಕೊಳ್ಳು ಎಂಬ ಪುಟ್ಟ ಬಾಲದಲ್ಲಿ
ಬೆಲೆಯ ಚೀಟಿ ಅಂಟಿರುವುದು ಆಗ ಕಂಡಿತು.
ಆತನಿಗೂ ಕಂಡಿರಬೇಕು.
ಕಿಟಕಿಯಾಚೆ ಟೇ ನದಿಯಲ್ಲಿ ನೀರಿಳಿದು
ಕೆಸರು ಹೊಳೆಯುತ್ತಿತ್ತು. ಬಹಳ ಹೊತ್ತು ನೋಡಿದ.

ಈ ಊರು ಒಂದು ಕಾಲಕ್ಕೆ ಲೋಕಕ್ಕೆಲ್ಲ ಗೋಣಿ ನೇಯ್ದದ್ದು.
ಅವ್ವ ದಾವಣಗೆರೆಯ ಮಂಡಿಯಲ್ಲಿ
ದಬ್ಬಳ ಹಿಡಿದು ಹರಿದ ಗೋಣಿ ಹೊಲಿಯುತ್ತಿದ್ದಳು,
ನೂರಕ್ಕೆ ಇಷ್ಟೆಂದು. ಅವಳು ಹೇಳುತ್ತಿದ್ದದ್ದು:
ಚೀಲದ ಬಾಯಿಗೆ ಎರಡು ತುದಿ.
ಎಡಗಡೆಯದು ಹಿಡಿ, ಸರ್ರನೆ ಬಿಚ್ಚಿಕೊಳ್ಳುತ್ತೆ.
ಬಲಗಡೆಯದು ಎಳೆದೆಯೋ, ಗಂಟು.
ಅವಸರದವರು ಬ್ಲೇಡು ಹಾಕುತ್ತಾರೆ,
ಕಾಳೆಲ್ಲ ನೆಲದ ಪಾಲು.

ಗುರುವಾರ. ಮೆತ್ತನೆಯ ಕುರ್ಚಿಗಳ ಕೋಣೆ,
ಗೋಡೆಯಲ್ಲಿ ಕ್ಯಾಮೆರಾದ ಕೆಂಪು ಚುಕ್ಕೆ.
ಏಳು ವರ್ಷದವಳು, ಹಸಿರು ಕಾಲುಚೀಲ.
ಎಲ್ಸ್‌ಪೆತ್ ಎಂಬ ಅಧಿಕಾರಿಣಿ ನೆಲದ ಮೇಲೆ ಕೂತು
ಬಣ್ಣದ ಕಡ್ಡಿಗಳನ್ನು ಜೋಡಿಸುತ್ತಿದ್ದಳು.
ಕೇಳಲಿಲ್ಲ, ಎಳೆಯಲಿಲ್ಲ.
ಮುಕ್ಕಾಲು ಗಂಟೆ ಆದಮೇಲೆ ಮಗು
ಕಾಗದದಿಂದ ಕಣ್ಣೆತ್ತದೆ, ಕನ್ನಡದಲ್ಲಿ,
ನಾಲ್ಕೇ ನಾಲ್ಕು ಪದ.

ಅವನ್ನು ಇಲ್ಲಿ ಬರೆಯುವುದಿಲ್ಲ. ಸಹಿ ಹಾಕಿದ್ದೇನೆ.
ಸಹಿ ಇಲ್ಲದಿದ್ದರೂ ಬರೆಯುತ್ತಿರಲಿಲ್ಲ.

ಮೂರು ಸೆಕೆಂಡು, ಇಡೀ ಡಂಡಿಯಲ್ಲಿ
ಆ ಮಾತು ಅವಳದು ಮತ್ತು ನನ್ನದು.
ಆಮೇಲೆ ನಾನು ಬಾಯಿ ತೆರೆಯಬೇಕಿತ್ತು.
ದುಭಾಷಿ 'ಅವಳು' ಎನ್ನುವಂತಿಲ್ಲ, ನಿಯಮವಿದೆ;
'ನಾನು' ಎಂದೇ ಹೇಳಬೇಕು,
ಕೂಡಿಸದೆ, ಕಳೆಯದೆ.
ನಮ್ಮ ವ್ಯಾಕರಣ ಇದನ್ನು
ಉತ್ತಮ ಪುರುಷ ಎನ್ನುತ್ತದೆ.
ನನಗೆ ನಲವತ್ತಾರು. ಆ ವಾಕ್ಯವನ್ನು
ಯಾವ ಭಾಷೆಯಲ್ಲೂ ನಾನು
ಈವರೆಗೆ ಜೋರಾಗಿ ಹೇಳಿರಲಿಲ್ಲ.

'ಬಹಳ ಸ್ಪಷ್ಟವಾಗಿ ಹೇಳಿದಿರಿ' ಎಂದಳು ಎಲ್ಸ್‌ಪೆತ್, ಕಾರಿಡಾರಿನಲ್ಲಿ.
ಒಂದು ನಮೂನೆ ಕೊಟ್ಟಳು, ಪ್ರತಿ ಸಲದ್ದೇ:
ಈ ವಿಷಯದಲ್ಲಿ ನಿಮ್ಮ ಸ್ವಂತದ್ದೇನಾದರೂ ಇದೆಯೇ?
ಇಲ್ಲ ಎಂಬ ಚೌಕಕ್ಕೆ ಗೀಟು ಹಾಕಿದೆ.
ಪೆನ್ನು ಬರೆಯಲಿಲ್ಲ. ಮತ್ತೆ ಹಾಕಿದೆ.

ಹಿಲ್‌ಟೌನಿನ ಅಂಗಡಿಯಿಂದ ಹತ್ತು ಕಿಲೋ ಅಕ್ಕಿ,
ಏರು ದಾರಿಯಲ್ಲಿ ತೋಳು ಬದಲಿಸುತ್ತ ಹೊತ್ತು ತಂದೆ.
ಚೀಲ ಮೇಜಿನ ಮೇಲಿದೆ, ಹೊಲಿದ ಬಾಯಿ ನನ್ನ ಕಡೆ.
ನಾಲ್ಕೂವರೆಗೇ ಕತ್ತಲು; ದೀಪ ಹಾಕಿ
ಬಗ್ಗಿ ನೋಡುತ್ತಿದ್ದೇನೆ, ಎಡ ಯಾವುದು ಎಂದು.
ಒಲೆಯ ಮೇಲೆ ಎಸರು ಮರಳುತ್ತಿದೆ.