ಪುಟಾಣಿಯ ಮೂಗಿನಲ್ಲಿ ಪುಟಾಣಿ

ಮೌನೇಶ ಎಂದು ಹೆಸರಿಟ್ಟವರು ನಾವೇ.
ಮನೆದೇವರು, ಬೇರೆ ದಾರಿ ಇರಲಿಲ್ಲ.
ಈ ಎರಡೂವರೆ ವರ್ಷದಲ್ಲಿ ಅವನು ಹೆಸರಿಗೆ ತಕ್ಕಂತೆ ಕೂತದ್ದು
ಆ ಗುರುವಾರ ಸಂಜೆ ಒಂದೇ ಸಲ.

ನಾನು ಬೀರುವಿನ ಬಾಗಿಲಿಗೆ ಕೀಸುಳಿ ಹಿಡಿದಿದ್ದೆ.
ಸುರುಳಿ ಸುರುಳಿ ಹೊಟ್ಟಿನ ನಡುವೆ ಪೇಪರ್ ಹಾಸಿಕೊಂಡು
ಅಕ್ಕ ತಮ್ಮ ಮಂಡಕ್ಕಿ ತಿನ್ನುತ್ತಿದ್ದರು.
ಗಲಾಟೆ ಕೇಳಿಸುವ ತನಕ ಮಕ್ಕಳು ಕ್ಷೇಮ,
ಸದ್ದು ನಿಂತರೆ ಎದ್ದು ಓಡು
ಎನ್ನುವುದು ನಾಗವೇಣಿ ಡ್ಯೂಟಿಗೆ ಹೊರಡುವಾಗ
ದಿನಾ ಒಪ್ಪಿಸಿ ಹೋಗುವ ಪಾಠ.
ಓಡಿದೆ.

"ಅಪ್ಪಾ, ಪುಟಾಣಿ ಹಾಕ್ಕಂಡಾನೆ."
"ಬಾಯಾಗಾ?"
"ಮೂಗಾಗೆ. ಒಂದೇ. ಇನ್ನೊಂದು ಹಿಡಿಸ್ಲಿಲ್ಲ."
ಸಿಂಚನಾಳ ಮುಖದಲ್ಲಿ ಹಾಜರಿ ಕೂಗುವ ಮೇಷ್ಟರ ಗಾಂಭೀರ್ಯ.

ಮೊಬೈಲಿನ ಬೆಳಕು ಬಿಟ್ಟು ನೋಡಿದೆ.
ಎಡ ಹೊಳ್ಳೆಯ ಒಳಗೆ, ಕತ್ತಲಲ್ಲಿ,
ಒಂದು ಹಳದಿ ಬೆನ್ನು. ಆರಾಮಾಗಿ ಕೂತಿದೆ.

ತಲೆ ಮುರಿದ ಮೊಳೆಯನ್ನು ತೇಗದಿಂದ ಕೀಳಬಲ್ಲೆ ನಾನು.
ಬಾಗಿಲು ಉಬ್ಬಿ ಚೌಕಟ್ಟು ಕಚ್ಚಿಕೊಂಡರೆ
ಎಲ್ಲಿ ಎರಡು ನೂಲು ಕೆತ್ತಬೇಕೆಂದು ಬೆರಳಿಗೇ ಗೊತ್ತು.
ಈ ಗುಬ್ಬಿ ಗಾತ್ರದ ಮೂಗಿಗೆ
ನನ್ನ ಚೀಲದಲ್ಲಿ ಒಂದು ಹತಾರವೂ ಇಲ್ಲ.

ಟಿವಿಎಸ್ ಮೇಲೆ ಮುಂದೆ ಅವನು ನಿಂತು,
ಹಿಂದೆ ಅವಳು ನನ್ನ ಅಂಗಿ ಹಿಡಿದು,
"ಬಾಯಲ್ಲಿ ಉಸಿರಾಡ್ಲಾ, ಮೂಗು ಎಳೀಬ್ಯಾಡ" ಎಂದು
ಹೊಂಡದ ಮೇಲೆ ಹಾರಿದಾಗಲೆಲ್ಲ ಆಜ್ಞೆ.

ಅಶೋಕ ರಸ್ತೆ ಗೇಟು ಬಿದ್ದಿತ್ತು.
ಬೀಳದೆ ಏನು, ನನಗೆ ಅವಸರ ಇತ್ತಲ್ಲ.

ಗೇಟಿನ ಮುಂದೆ ನಿಂತ ಅರ್ಧ ದಾವಣಗೆರೆ
ಐದೇ ನಿಮಿಷದಲ್ಲಿ ಡಾಕ್ಟರಾಯಿತು.
ಬಾಯಿಗೆ ಬಾಯಿ ಇಟ್ಟು ಊದ್ರಿ ಎಂದರು ಸಂತೆಚೀಲದ ಅಜ್ಜಿ.
ತಲೆಕೆಳಗು ಹಿಡೀರಿ ಎಂದ ಆಟೋದವ.
ಏನೂ ಮಾಡಬ್ಯಾಡ್ರಿ, ಒಳಗೇ ಮೊಳಕೆ ಬರ್ತತಿ ಎಂದವನನ್ನು
ಅವನ ಹೆಂಡತಿಯೇ ಚಿವುಟಿದಳು.
ಹುರಿದ ಪುಟಾಣಿ ಮೊಳೆಯಲ್ಲ ಎಂದು ಸಿಂಚನ ಎಲ್ಲರಿಗೂ ತಿಳಿಸಿದಳು.

ಅಷ್ಟರಲ್ಲೇ ಫೋನು.
"ಹರಿಹರ ಬಿಟ್ಟೆ. ಎಲ್ಲಿದೀರಿ?"
"ಹಿಂಗೇ... ಪೇಟೆ ಕಡೆ."
"ಅವನ ಸದ್ದೇ ಇಲ್ಲ?"
"ರೈಲು ನೋಡ್ತಾ ಇದಾನೆ."
ಸುಳ್ಳಲ್ಲ. ಬಂದೇ ಬಂತು ಗೂಡ್ಸು,
ಮುಗಿಯದ ಗೂಡ್ಸು.
ಸಿಂಚನ ಎಣಿಸಿದಳು. ಇಪ್ಪತ್ತೊಂಬತ್ತಾದ ಮೇಲೆ
ಇಪ್ಪತ್ತಹತ್ತು, ಇಪ್ಪತ್ತಹನ್ನೊಂದು.
ನಾನು ತಿದ್ದಲಿಲ್ಲ. ಒಂದೊಂದು ಡಬ್ಬಿಗೂ
ಪುಟಾಣಿ ಇನ್ನೊಂದು ಕೂದಲೆಳೆ ಒಳಗೆ ಸರಿದಂತೆ
ನನ್ನದೇ ಉಸಿರು ಕಟ್ಟುತ್ತಿತ್ತು.

ಕೊನೆಗೆ ಗಾರ್ಡಿನ ಡಬ್ಬಿ. ಹಸಿರು ಬಾವುಟ.
ಬಲಗಡೆ ಗಾಡಿಯಲ್ಲಿ ಯಾರೋ ಮಿರ್ಚಿ ಬಾಣಲೆಗೆ ಬಿಟ್ಟರು.
ಘಾಟೋ, ಧೂಳೋ, ಮನೆದೇವರೋ,
ಮೌನೇಶ ಕಣ್ಣು ಮುಚ್ಚಿ, ಮುಖ ಮೇಲೆತ್ತಿ,
ಸೀನಿದ.

ಪುಟಾಣಿ ಸ್ಪೀಡೋಮೀಟರಿನ ಗಾಜಿಗೆ ಬಡಿದು ಬಿತ್ತು.
ಜನ ಹೋ ಎಂದರು. ಗೇಟು ಎದ್ದಿತು.
ನಾನು ಹಣೆ ಒರೆಸಿಕೊಳ್ಳುವಷ್ಟರಲ್ಲಿ
ಅವನು ಅದನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡು
ಕಟಕ್ ಎಂದು ಕಡಿದ.
ಆಸ್ಪತ್ರೆಗೆಂದು ಜೇಬಿಗಿಟ್ಟ ದುಡ್ಡಿನಲ್ಲಿ
ನಾಲ್ಕು ಪ್ಲೇಟು ಮಿರ್ಚಿ. ಅಜ್ಜಿಗೂ ಒಂದು.

"ಅವ್ವನಿಗೆ ಹೇಳಬಾರ್ದು" ಎಂದು ಪ್ರಮಾಣ ಮಾಡಿಸಿಕೊಂಡೆ.
ಒಂಬತ್ತು ಗಂಟೆಗೆ ಅವಳು ಬಂದು
ಚಿಲ್ಲರೆ ಚೀಲ ಮೊಳೆಗೆ ಸಿಕ್ಕಿಸಿ, ಚಪ್ಪಲಿ ಬಿಡುವ ಮೊದಲೇ
ಸಿಂಚನ ಬಾಯಿಬಿಟ್ಟಳು,
"ಅವ್ವಾ, ನಾವು ನಿನಗೊಂದು ಹೇಳಲ್ಲ."

ನಾಗವೇಣಿ ಬೈಯಲಿಲ್ಲ. ಅದು ಇನ್ನೂ ಭಯ.
ಮಲಗಿದ ಮೌನೇಶನ ಗಲ್ಲ ಎತ್ತಿ, ಟಾರ್ಚು ಬಿಟ್ಟು,
ಎರಡು ಹೊಳ್ಳೆ, ಎರಡು ಕಿವಿ,
ಆಮೇಲೆ ಸಿಂಚನಾಳದು, ಕಡೆಗೆ ನನ್ನದೂ,
ಟಿಕೆಟ್ ಇಲ್ಲದೆ ಒಳಗೆ ಕೂತವರು
ಇನ್ನೂ ಯಾರಾದರೂ ಇದ್ದಾರಾ ಎಂದು
ಒಂದೊಂದೇ ಸೀಟು ನೋಡುತ್ತ ಬಂದಳು.