ಹೆಬ್ಬೆರಳು

ಸಂಜೆ ನಾಲ್ಕಕ್ಕೆ ಸಾಂತಿಯಾಗೋದಿಂದ ಕರೆ ಬರುತ್ತದೆ.
ಅಷ್ಟರಲ್ಲಿ ಮನೆಯ ಬಾಯಿ ಮುಚ್ಚಿಸಬೇಕು.

ಪಾಡ್‌ಕಾಸ್ಟಿನ ಹುಡುಗಿ ಮಾಕರೇನಾ ಕಳಿಸಿದ ಪಟ್ಟಿ ಉದ್ದ ಇದೆ:
ಫ್ರಿಜ್ಜು ಆರಿಸಿ, ಕೈಗಡಿಯಾರ ಬಿಚ್ಚಿಡಿ,
ಕಾಗದ ಸರಸರ ಮಗುಚಬೇಡಿ,
ಹಾಲು ಬೇಡ, ಗಂಟಲಲ್ಲಿ ಕಟ್ಟುತ್ತದೆ.
ಸಣ್ಣ ಕೋಣೆ ಇರಲಿ. ಬಟ್ಟೆ ಹೆಚ್ಚಿದ್ದಷ್ಟೂ ಒಳ್ಳೆಯದು.

ಬಟ್ಟೆಗೇನು ಬರ? ನಮ್ಮ ಚಿಲೋಯೆ ದ್ವೀಪದಲ್ಲಿ
ಉಣ್ಣೆ ಆಲೂಗಡ್ಡೆಯಷ್ಟೇ ಸಲೀಸು.
ಅತ್ತೆ ನೇಯ್ದ ಮೂರು ಕಂಬಳಿ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ.
ಗೋಡೆಗೂ ಕಿವಿಯಂತಲ್ಲ, ಇರಲಿ, ಬೆಚ್ಚಗಿರಲಿ.
ನಾಯಿಯನ್ನು ಓಯಾರ್ಸೋ ಅವರ ಹಿತ್ತಲಲ್ಲಿ ಕಟ್ಟಿ ಬಂದೆ.
ಕೋಳಿಗಳು ಪುಣ್ಯಕ್ಕೆ ಬೆಳಿಗ್ಗೆಯೇ ಇಟ್ಟು, ಊರಿಗೆಲ್ಲ ಸಾರಿ,
ಈಗ ಸುಮ್ಮನಿವೆ.
ಗಾಳಿಗೆ ಮಾತ್ರ ಯಾರೇನು ಹೇಳಲಾದೀತು.
ತಗಡಿನ ಸೂರಿನ ಮೇಲೆ ಅದರದೇ ಕಾರ್ಯಕ್ರಮ.

ಎಂಟು ಪ್ರಶ್ನೆ ಮೊದಲೇ ಕಳಿಸಿದ್ದಾಳೆ, ಒಳ್ಳೆಯವಳು.
ಒಲೆಯ ಮುಂದೆ ಕೂತು ಪರೀಕ್ಷೆಯ ಹುಡುಗಿಯಂತೆ ಓದಿದೆ.
ಒಂದಕ್ಕೆ: ಹೌದು, ಹತ್ತೊಂಬತ್ತಕ್ಕೇ ಬಂದರಿನ ರೇಡಿಯೋ ಕೋಣೆ ಸೇರಿದೆ.
ಎರಡಕ್ಕೆ: ಇಲ್ಲ, ಈಜು ಬಾರದು. ನಮ್ಮಲ್ಲಿ ಹೆಚ್ಚಿನವರಿಗೆ ಬಾರದು,
ಈ ನೀರಲ್ಲಿ ಈಜು ಬಂದರೆ
ಸಾವು ಸ್ವಲ್ಪ ತಡವಾಗುತ್ತದೆ, ಅಷ್ಟೆ.
ಇದನ್ನು ನಗುತ್ತ ಹೇಳಬೇಕೆಂದು ಅಂಚಿನಲ್ಲಿ ಬರೆದುಕೊಂಡಿದ್ದೇನೆ.
ನಾಲ್ಕಕ್ಕೆ ಆ ದೋಣಿಯ ಬಣ್ಣ: ಹಳದಿ, ಮೂತಿಗೆ ಹಸಿರು.
ಹೆಸರು ಪೊರ್ಫಿಯಾದಾ, ಅಂದರೆ ಹಟಮಾರಿ.
ಆರಕ್ಕೆ ಐದು ಜನರ ಹೆಸರು.
ಅವನ್ನು ಬರೆದುಕೊಳ್ಳಲಿಲ್ಲ.

ಪಕ್ಕದ ಮನೆಯ ಎಲಿಸೆಯೊ, ಹನ್ನೊಂದರ ಪೋರ,
ಸೌಟನ್ನೇ ಮೈಕು ಮಾಡಿ ನನ್ನ ಸಂದರ್ಶನ ನಡೆಸಿದ.
ಒಂದೇ ದೂರು ಅವನದು:
ಅಜ್ಜಿ, ಮಾತು ಮುಗಿದಾಗಲೆಲ್ಲ ಯಾಕೆ ‘ಓವರ್’ ಅಂತೀರಿ?
ಯಾಕೆ ಹೆಬ್ಬೆರಳಿಂದ ಮೇಜು ಒತ್ತುತ್ತೀರಿ?

ಮಗೂ, ಆ ಯಂತ್ರ ಹಾಗೆ.
ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು.
ಒತ್ತಿರುವಷ್ಟು ಹೊತ್ತು ನೀನು ಕಿವುಡ.

ಸೌಟು ಕೆಳಗಿಟ್ಟ.
ಹಾಗಾದರೆ ಇಬ್ಬರೂ ಒಟ್ಟಿಗೇ ಮಾತಾಡಿದರೆ?

ಹಿಟ್ಟು ನಾದುವ ನೆಪದಲ್ಲಿ ಎದ್ದೆ.

ಏಳನೆಯದು: ಕೊನೆಯದಾಗಿ ನಿಮಗೆ ಏನು ಕೇಳಿಸಿತು?

ವಿಚಾರಣೆಯ ಸಾಹೇಬರಿಗೆ ಹೇಳಿದ್ದು,
ಗೊರಗೊರ ಸದ್ದು, ಆಮೇಲೆ ಏನಿಲ್ಲ.
ಪಾದ್ರಿಗೂ ಅದೇ. ಮೂವರು ಹೆಂಡಿರಿಗೂ ಅದೇ,
ಅವರವರ ಅಡುಗೆಮನೆಯಲ್ಲಿ, ಅವರು ಕೊಟ್ಟ ಕಹಿ ಮಾಟೆ ಕುಡಿದು.
ಮೂವತ್ತೆಂಟು ವರ್ಷ ಬಾಯಲ್ಲೇ ಉರುಳಿ
ದಂಡೆಯ ಕಲ್ಲಿನಂತೆ ನುಣುಪಾದ ಉತ್ತರ.
ಸುಳ್ಳಲ್ಲ.
ಆದರೆ ಆ ಗೊರಗೊರಕ್ಕೂ ಮುಂಚೆ
ನಾನು ಕೂಗುತ್ತಿದ್ದೆ, ಪೊರ್ಫಿಯಾದಾ, ಪೊರ್ಫಿಯಾದಾ,
ಎಲ್ಲಿದ್ದೀರಿ, ಕೇಳಿಸುತ್ತಿದೆಯಾ, ಎಲ್ಲಿದ್ದೀರಿ.
ಎಷ್ಟು ಹೊತ್ತು? ಅರ್ಧ ನಿಮಿಷ. ಮುಕ್ಕಾಲು.
ಹೆದರಿದ ಹೆಬ್ಬೆರಳು ಗುಂಡಿ ಬಿಡಲೇ ಇಲ್ಲ.
ಆಗ ಅವರು ಏನಂದರೋ,
ಅಂದರೋ ಇಲ್ಲವೋ.

ಇದರ ಅಂಚು ಖಾಲಿ ಇದೆ.

ಮೂರು ಐವತ್ತೆಂಟು. ಬಿಸಿನೀರು ಪಕ್ಕದಲ್ಲಿದೆ.
ಎಲಿಸೆಯೊನ ಅಣ್ಣನ ದೊಡ್ಡ ಹೆಡ್‌ಫೋನು ತಲೆಗೆ ಸಡಿಲ,
ಒಂದು ಕೈಯಲ್ಲಿ ಹಿಡಿದೇ ಕೂತಿದ್ದೇನೆ.
ಬಂತು. ತಲೆಯೊಳಗೇ ಕುರ್ಚಿ ಹಾಕಿ ಕೂತಷ್ಟು ಹತ್ತಿರ:
ಧ್ವನಿ ಪರೀಕ್ಷೆಗೆ ಏನಾದರೂ ಹೇಳಿ ದೋನ್ಯಾ ಎದೆಲ್ಮಿರಾ,
ಬೆಳಿಗ್ಗೆ ಏನು ತಿಂದಿರಿ?

ಆಲೂಗಡ್ಡೆ ರೊಟ್ಟಿ, ಅಂದೆ. ನಿನ್ನೆಯದು,
ಒಲೆಯ ಮೇಲೆ ಬಿಸಿ ಮಾಡಿಕೊಂಡು, ಸ್ವಲ್ಪ ಸೀದಿತ್ತು,
ನಮ್ಮ ಒಲೆ ಇದೆಯಲ್ಲ, ಅದು...
ನಕ್ಕಳು.
ನಾನಿನ್ನೂ ಮಾತಾಡುತ್ತಲೇ ಇದ್ದೆ.
ಅವಳ ನಗು ಪೂರ್ತಿ ಕೇಳಿಸಿತು.

ಏಳನೆಯದನ್ನು ಮೊದಲು ಕೇಳುತ್ತೀಯಾ, ಅಂದೆ.